ಕೆಂಪುಹೊಳೆಯ ಕಪ್ಪೆ ಮತ್ತು ಸಂಶೋಧನಾ ಪ್ರಸ್ತಾವ

ಎಂ.ಎಸ್‌ಸಿ. ಕೊನೆಯ ವರ್ಷದ ಕಿರುಪ್ರಬಂಧಕ್ಕಾಗಲಿ, ಅನಂತರ ಪಿಎಚ್.ಡಿ. ನೋಂದಣಿಗಾಗಲಿ ವಿಜ್ಞಾನದ ವಿದ್ಯಾರ್ಥಿ ಮೊದಲು ಬರೆಯಬೇಕಾದುದು ಸಂಶೋಧನಾ ಪ್ರಸ್ತಾವ. ಎಲ್ಲರ ಬಾಯಲ್ಲಿ ‘ಸಿನಾಪ್ಸಿಸ್’ ಎಂದೇ ಬಳಕೆಯಲ್ಲಿರುವ ಈ ಬರಹಕ್ಕೆ ಒಂದು ಸಿದ್ಧ ಚೌಕಟ್ಟಿದೆ. ಶೀರ್ಷಿಕೆ, ಪೀಠಿಕೆ, ಹಿಂದಿನ ಅಧ್ಯಯನಗಳ ಪರಾಮರ್ಶೆ, ಉದ್ದೇಶಗಳು, ಅಧ್ಯಯನದ ಸ್ಥಳ, ವಿಧಾನ, ಕಾಲಪಟ್ಟಿ, ಖರ್ಚಿನ ಅಂದಾಜು. ಹಿಂದಿನ ವರ್ಷದವರ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು ಊರಿನ ಹೆಸರನ್ನೂ ಜೀವಿಯ ಹೆಸರನ್ನೂ ಬದಲಿಸಿದರೆ ಕೆಲಸ ಮುಗಿಯಿತು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ.

ಆದರೆ ಈ ಒಂದೊಂದು ಶೀರ್ಷಿಕೆಯೂ ಅಲ್ಲಿಗೆ ಏಕೆ ಬಂತು? ‘ಅಧ್ಯಯನದ ಸ್ಥಳ’ ಎಂಬಲ್ಲಿ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಏಕೆ ಬರೆಯಬೇಕು? ಸಂಗ್ರಹಿಸಿದ ಮಾದರಿಗಳನ್ನು ಎಲ್ಲಿ ಇಡುತ್ತೀರಿ ಎಂದು ಸಮಿತಿಯವರು ಏಕೆ ಕೇಳುತ್ತಾರೆ? ಇದಕ್ಕೆ ಒಳ್ಳೆಯ ಉತ್ತರ ಹಾಸನ ಜಿಲ್ಲೆಯ ಘಟ್ಟದ ಒಂದು ಹಳ್ಳದಲ್ಲಿದೆ. ಆ ಹಳ್ಳದ ಹೆಸರು ಕೆಂಪುಹೊಳೆ. ಉತ್ತರ ಹೇಳುವುದು ಅಲ್ಲಿನ ಒಂದು ಪುಟ್ಟ ಕಪ್ಪೆ.

ಘಟ್ಟದ ಹೊಳೆ, ಕಾಲೇಜಿನ ಪ್ರಾಧ್ಯಾಪಕರು

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಸಕಲೇಶಪುರವನ್ನು ದಾಟಿ ದೋಣಿಗಾಲ್ ಕಳೆದ ಮೇಲೆ ಶಿರಾಡಿ ಘಾಟಿಯಲ್ಲಿ ಇಳಿಯತೊಡಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರದಿಂದ ಕೆಲವೇ ನೂರು ಮೀಟರ್ ಎತ್ತರದ ಗುಂಡ್ಯಕ್ಕೆ ಇಳಿಯುವ ಈ ಇಳಿಜಾರಿನ ಕಾಡಿನಲ್ಲಿ ಹರಿಯುವ ಹೊಳೆಗಳಲ್ಲಿ ಕೆಂಪುಹೊಳೆ ಒಂದು. ಎತ್ತಿನಹೊಳೆಯೂ ಕೆಂಪುಹೊಳೆಯೂ ಕೂಡಿ ಗುಂಡ್ಯ ಹೊಳೆಯಾಗುತ್ತವೆ. ಅದು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ.

ಈ ಕಾಡಿನ ಕಪ್ಪೆಗಳನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವರು ಸಿ. ಆರ್. ನಾರಾಯಣ ರಾವ್ (1882-1960). ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಇವರು 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಎಲ್. ಎಸ್. ರಾಮಸ್ವಾಮಿ, ಬಿ. ಆರ್. ಶೇಷಾಚಾರ್ ಅವರಂಥ ಮುಂದೆ ಹೆಸರಾದ ಪ್ರಾಣಿವಿಜ್ಞಾನಿಗಳು ಇವರ ಗರಡಿಯಲ್ಲಿ ಬೆಳೆದವರು.

ಸಿ. ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿ ಪತ್ರಿಕೆಯಲ್ಲಿ 1937ರಲ್ಲಿ ನಾರಾಯಣ ರಾವ್ ಅವರ ಸುಮಾರು 40 ಪುಟಗಳ ದೀರ್ಘ ಲೇಖನವೊಂದು ಪ್ರಕಟವಾಯಿತು. ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳ ವರ್ಣನೆ ಅದರಲ್ಲಿದೆ. ಅಲ್ಲಿ ಬರುವ ಊರುಗಳ ಹೆಸರು ಓದಿದರೆ ಮಲೆನಾಡಿನವರಿಗೆ ಹಿಗ್ಗಾಗುತ್ತದೆ. ಸಕಲೇಶಪುರದಿಂದ ‘ರಾಮನೆಲ್ಲಾ ಮಾರ್ಮೊರೇಟಾ’ ಎಂಬ ಕಪ್ಪೆ, ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ‘ಕೊಟ್ಟಿಗೆಹಾರೆನ್ಸಿಸ್’, ಕೆಂಪುಹೊಳೆಯ ಹೆಸರನ್ನು ಹೊತ್ತ ‘ನ್ಯಾನೊಬ್ಯಾಟ್ರಕಸ್ ಕೆಂಪೊಲೆಯೆನ್ಸಿಸ್’. ಈ ಕೊನೆಯದು ಇಂದು ‘ನಿಕ್ಟಿಬ್ಯಾಟ್ರಕಸ್’ ಎಂಬ ಜಾತಿಗೆ (ಜೀನಸ್‌ಗೆ) ಸೇರಿದೆ. ಇವು ಪಶ್ಚಿಮಘಟ್ಟಗಳಲ್ಲಿ ಮಾತ್ರ ಇರುವ, ರಾತ್ರಿ ಹೊತ್ತು ಚಟುವಟಿಕೆಯಿಂದಿರುವ ಕಪ್ಪೆಗಳು. ‘ಇರುಳುಗಪ್ಪೆ’ ಎನ್ನೋಣ.

ಒಂದು ಜೀವಿಗೆ ಹೊಸ ಹೆಸರಿಡುವಾಗ ವಿಜ್ಞಾನಿ ಒಂದು ನಿರ್ದಿಷ್ಟ ಮಾದರಿಯನ್ನು ಆ ಹೆಸರಿಗೆ ಆಧಾರವಾಗಿ ಗುರುತಿಸುತ್ತಾನೆ. ಇದನ್ನು ‘ಮೂಲಮಾದರಿ’ ಎನ್ನುತ್ತಾರೆ. ಮುಂದೆ ಯಾರಿಗಾದರೂ “ಇದು ಅದೇ ಕಪ್ಪೆಯೋ, ಬೇರೆಯೋ?” ಎಂಬ ಅನುಮಾನ ಬಂದರೆ ಹೋಲಿಸಿ ನೋಡಬೇಕಾದುದು ಈ ಮೂಲಮಾದರಿಯನ್ನೇ. ಅಳತೆಯ ಕೋಲು ಇದ್ದ ಹಾಗೆ. ನಾರಾಯಣ ರಾವ್ ಅವರ ಮಾದರಿಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದವು.

ಸೀಸೆಗಳು ಕಾಣೆಯಾದಾಗ

ಕೆಲವು ದಶಕಗಳ ಅನಂತರ ಕಪ್ಪೆಗಳ ವರ್ಗೀಕರಣದಲ್ಲಿ ತೊಡಗಿದವರು ಹುಡುಕಿದಾಗ ಆ ಮಾದರಿಗಳು ಸಿಗಲಿಲ್ಲ. ಅವು ಕಳೆದುಹೋಗಿವೆ ಎಂದೇ ವೈಜ್ಞಾನಿಕ ಸಾಹಿತ್ಯದಲ್ಲಿ ದಾಖಲಾಯಿತು. ಕಾಲೇಜಿನ ಸಂಗ್ರಹ ಎಷ್ಟೇ ಶ್ರದ್ಧೆಯಿಂದ ಕಟ್ಟಿದ್ದಾದರೂ ಅದು ಪಾಠಕ್ಕಾಗಿ ಇರುವ ಸಂಗ್ರಹ. ಕಪ್ಪೆಯ ಸೀಸೆಯಲ್ಲಿನ ಮದ್ಯಸಾರ ಆವಿಯಾಗುತ್ತದೆ, ಚೀಟಿಯ ಶಾಯಿ ಮಾಸುತ್ತದೆ, ಉಸ್ತುವಾರಿ ನೋಡಿದವರು ನಿವೃತ್ತರಾಗುತ್ತಾರೆ. ತಲೆಮಾರುಗಳ ಕಾಲ ಒಂದೊಂದು ಸೀಸೆಗೂ ಲೆಕ್ಕ ಇಡುವ ವ್ಯವಸ್ಥೆ ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಸಾಧ್ಯ.

ಇದರ ಪರಿಣಾಮವೇನು ಗೊತ್ತೆ? 1937ರ ಲೇಖನದಲ್ಲಿ ಕಪ್ಪೆಯ ವರ್ಣನೆ ಇದೆ, ಆದರೆ ಅದನ್ನು ಪರೀಕ್ಷಿಸಲು ಕಪ್ಪೆ ಇಲ್ಲ. ಇರುಳುಗಪ್ಪೆಗಳು ಒಂದನ್ನೊಂದು ಬಹಳ ಹೋಲುತ್ತವೆ. ಸುಕ್ಕುಗಟ್ಟಿದ ಚರ್ಮ, ಮಣ್ಣಿನ ಬಣ್ಣ, ಬೆರಳ ತುದಿಯ ಬಿಲ್ಲೆ ಎಂದು ಬರೆದರೆ ಹಲವು ಪ್ರಭೇದಗಳಿಗೆ ಹೊಂದುತ್ತದೆ. ಹೋಗಲಿ, ಅದೇ ಜಾಗಕ್ಕೆ ಹೋಗಿ ಹುಡುಕೋಣವೆಂದರೆ ಜಾಗ ಯಾವುದು? ಆ ಕಾಲದ ರೂಢಿಯಂತೆ ಲೇಖನದಲ್ಲಿರುವುದು ಸ್ಥಳದ ಹೆಸರು ಮತ್ತು ಜಿಲ್ಲೆಯ ಹೆಸರು. ಘಟ್ಟದ ಮೇಲಿನ ತುದಿಗೂ ಬುಡಕ್ಕೂ ನೂರಾರು ಮೀಟರ್ ಎತ್ತರದ ಅಂತರವಿರುವಲ್ಲಿ, ಎತ್ತರ ಬದಲಾದಂತೆ ಕಪ್ಪೆಗಳೂ ಬದಲಾಗುವಲ್ಲಿ, ‘ಕೆಂಪುಹೊಳೆ’ ಎಂಬ ಒಂದೇ ಪದ ಸಾಲದು.

ಹೆಸರುಗಳಲ್ಲೂ ತೊಡಕಾಯಿತು. 1937ರಲ್ಲಿ ನಾರಾಯಣ ರಾವ್ ‘ಎಲೆಗನ್ಸ್’ ಎಂದು ಕರೆದಿದ್ದ ಪೊದೆಗಪ್ಪೆಯ ಹೆಸರು ಅದಕ್ಕೆ ಮೊದಲೇ ಬೇರೊಂದಕ್ಕೆ ಸಂದಿತ್ತು. ಪ್ರಾಣಿನಾಮಕರಣದ ನಿಯಮದ ಪ್ರಕಾರ ಒಂದೇ ಹೆಸರು ಎರಡಕ್ಕೆ ಸಲ್ಲದು. ಆದ್ದರಿಂದ ಎಸ್. ಕೆ. ದತ್ತ ಅವರು 1985ರಲ್ಲಿ ಅದಕ್ಕೆ ಬದಲಿ ಹೆಸರಿಟ್ಟರು: ‘ಹಾಸನೆನ್ಸಿಸ್’. ನಮ್ಮ ಜಿಲ್ಲೆಯ ಹೆಸರು ಒಂದು ಕಪ್ಪೆಗೆ ಬಂದುದು ಹೀಗೆ! ಅದೇ ಸಂದರ್ಭದಲ್ಲಿ ಇನ್ನೊಂದಕ್ಕೆ ಸಿ. ಆರ್. ಎನ್. ಆರ್. ಎಂಬ ಅವರ ಹೆಸರಿನ ಮೊದಲಕ್ಷರಗಳಿಂದಲೇ ‘ಕ್ರ್ನ್ರಿ’ ಎಂಬ ವಿಚಿತ್ರ ಹೆಸರು ಹುಟ್ಟಿತು. ನಾರಾಯಣ ರಾವ್ ಕೊಟ್ಟಿದ್ದ ಹೆಸರುಗಳಲ್ಲಿ ಕೆಲವು ಉಳಿದವು, ಕೆಲವು ಬೇರೆ ಹೆಸರುಗಳೊಳಗೆ ಸೇರಿಹೋದವು, ಕೆಲವು ದಶಕಗಳ ಕಾಲ ಅನುಮಾನದಲ್ಲೇ ಇದ್ದವು.

ಇದರಿಂದ ನಾರಾಯಣ ರಾವ್ ಅವರ ಹಿರಿಮೆ ಕುಂದುವುದಿಲ್ಲ. 2010ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಒಂದು ದೊಡ್ಡ ಜಾತಿಗೆ ‘ರಾವೋರ್ಕೆಸ್ಟಿಸ್’ ಎಂದು ಅವರ ಗೌರವಾರ್ಥವಾಗಿ ಹೆಸರಿಟ್ಟರು. ಈ ಜಾತಿಯ ಮರಿಗಳು ಗೊದಮೊಟ್ಟೆಯ ಹಂತವಿಲ್ಲದೆ ನೇರವಾಗಿ ಮೊಟ್ಟೆಯಿಂದ ಪುಟ್ಟ ಕಪ್ಪೆಗಳಾಗಿಯೇ ಹೊರಬರುತ್ತವೆ.

ಅದೇ ಕಾಡು, ಬೇರೆ ಕಥೆ

ಕೆಂಪುಹೊಳೆಯ ಕಾಡಿಗೆ ಇನ್ನೊಬ್ಬ ಕಪ್ಪೆತಜ್ಞರೂ ಬಂದಿದ್ದರು. ಫ್ರಾನ್ಸಿನ ಅಲೆಂ ದ್ಯುಬ್ವಾ ಅವರು ಇಲ್ಲಿಂದ ಸಂಗ್ರಹಿಸಿದ ಒಂದು ಕಪ್ಪೆಯನ್ನು 1986ರಲ್ಲಿ ‘ಗುಂಡಿಯಾ’ ಎಂಬ ಹೆಸರಿನಿಂದ ವರ್ಣಿಸಿದರು. ಇಂದು ಅದು ‘ಇಂಡಿರಾನಾ ಗುಂಡಿಯಾ’. ಅದರ ಮೂಲಮಾದರಿ ಪ್ಯಾರಿಸ್ಸಿನ ರಾಷ್ಟ್ರೀಯ ಪ್ರಕೃತಿ ಇತಿಹಾಸ ಸಂಗ್ರಹಾಲಯದಲ್ಲಿ ನೋಂದಣಿ ಸಂಖ್ಯೆಯೊಂದಿಗೆ ಇದೆ. ಆ ಹೆಸರು ಯಾವ ಕಪ್ಪೆಯದೆಂದು ತಿಳಿಯಲು ಆ ಮಾದರಿಯನ್ನು ತೆರೆದು ನೋಡಬಹುದು. ಎರಡೂ ಕಪ್ಪೆಗಳು ಒಂದೇ ಘಟ್ಟದವು. ಒಂದರ ಗುರುತು ಉಳಿಯಿತು, ಇನ್ನೊಂದರದು ಮಸುಕಾಯಿತು. ವ್ಯತ್ಯಾಸ ವಿಜ್ಞಾನಿಯ ಪ್ರತಿಭೆಯಲ್ಲಿಲ್ಲ, ಮಾದರಿ ಎಲ್ಲಿ ಉಳಿಯಿತು ಎಂಬುದರಲ್ಲಿದೆ. ಇದಕ್ಕಾಗಿ ವಿದೇಶಕ್ಕೇ ಹೋಗಬೇಕೆಂದಿಲ್ಲ. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಸಂಸ್ಥೆಗಳು ನಮ್ಮಲ್ಲಿವೆ.

ಕೆಂಪುಹೊಳೆಯ ಇರುಳುಗಪ್ಪೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಬಿಜು ಮತ್ತು ಸಂಗಡಿಗರು ಪಶ್ಚಿಮಘಟ್ಟಗಳ ಉದ್ದಕ್ಕೂ ಇರುಳುಗಪ್ಪೆಗಳನ್ನು ಅಧ್ಯಯನ ಮಾಡಿ 2011ರಲ್ಲಿ ಸಮಗ್ರ ಪರಿಷ್ಕರಣೆಯೊಂದನ್ನು ಪ್ರಕಟಿಸಿದರು. ಅದರಲ್ಲಿ 12 ಹೊಸ ಪ್ರಭೇದಗಳಿದ್ದವು. ಜೊತೆಗೆ ದೀರ್ಘಕಾಲದಿಂದ ಕಾಣದಿದ್ದ ಕಪ್ಪೆಗಳು ಮತ್ತೆ ಪತ್ತೆಯಾಗಿದ್ದವು. ಸುಮಾರು ಮುಕ್ಕಾಲು ಶತಮಾನದ ಅನಂತರ ಕಂಡ ಕೆಂಪುಹೊಳೆಯ ಕಪ್ಪೆ ಅವುಗಳಲ್ಲೊಂದು. ಅಲ್ಲಿಯವರೆಗೆ ಅದು ಇದೆಯೋ, ಅಳಿದಿದೆಯೋ, ಯಾವ ಹಳ್ಳದಲ್ಲಿದೆಯೋ ಎಂದು ಖಚಿತವಾಗಿ ಹೇಳುವ ಸ್ಥಿತಿ ಇರಲಿಲ್ಲ. ಇಲ್ಲದ ಗುರುತಿನ ಜೀವಿಯನ್ನು ಕಾಪಾಡುವುದಾದರೂ ಹೇಗೆ?

ಪ್ರಸ್ತಾವದ ಒಂದೊಂದು ಭಾಗಕ್ಕೂ ಕಾರಣವಿದೆ

ಈಗ ನಿಮ್ಮ ಪ್ರಸ್ತಾವಕ್ಕೆ ಬನ್ನಿ. ಮೇಲಿನ ಇತಿಹಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಭಾಗಗಳನ್ನು ಒಂದೊಂದಾಗಿ ನೋಡಿ. ಪ್ರಸ್ತಾವವೆಂದರೆ, ನೀವು ಮಾಡಲಿರುವ ಕೆಲಸವನ್ನು ಮುಂದೆ ಇನ್ನೊಬ್ಬರು ಪರೀಕ್ಷಿಸಲು ಸಾಧ್ಯವಾಗುವಂತೆ ಮಾಡುತ್ತೇನೆ ಎಂದು ಮೊದಲೇ ಬರೆದುಕೊಡುವ ಮಾತು.

ಮೊದಲನೆಯದು ಪ್ರಶ್ನೆ. “ಸಕಲೇಶಪುರ ತಾಲ್ಲೂಕಿನ ಕಪ್ಪೆಗಳ ಅಧ್ಯಯನ” ಎಂಬುದು ವಿಷಯ, ಪ್ರಶ್ನೆಯಲ್ಲ. ಇದಕ್ಕೆ ಎಲ್ಲಿ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ತಿಳಿಯುವುದಿಲ್ಲ. “ಕಾಫಿ ತೋಟದೊಳಗೆ ಹರಿಯುವ ಹಳ್ಳಗಳಲ್ಲಿಯೂ ಕಾಡಿನೊಳಗಿನ ಹಳ್ಳಗಳಲ್ಲಿಯೂ ಮಳೆಗಾಲದಲ್ಲಿ ಇರುಳುಗಪ್ಪೆಗಳ ಸಂಖ್ಯೆ ಒಂದೇ ಆಗಿದೆಯೆ?” ಎಂಬುದು ಪ್ರಶ್ನೆ. ಇದಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬರಬಹುದು. ಯಾವುದು ಬಂದರೂ ಅದು ಹೊಸ ತಿಳಿವಳಿಕೆಯೇ. ಪ್ರಶ್ನೆ ಇಷ್ಟು ಸ್ಪಷ್ಟವಾದರೆ ಎಷ್ಟು ಹಳ್ಳ ನೋಡಬೇಕು, ಎಷ್ಟು ರಾತ್ರಿ ಹೋಗಬೇಕು, ಯಾವ ತಿಂಗಳಲ್ಲಿ ಹೋಗಬೇಕು ಎಂಬುದು ತಾನಾಗಿಯೇ ಹೊರಡುತ್ತದೆ.

ಎರಡನೆಯದು ಹಿಂದಿನ ಅಧ್ಯಯನಗಳ ಪರಾಮರ್ಶೆ. ಇದನ್ನು ಹೆಸರು, ಇಸವಿಗಳ ಮಾಲೆಯಾಗಿ ಪೋಣಿಸುವ ಅಭ್ಯಾಸವಿದೆ. ಕೆಂಪುಹೊಳೆಯ ಕಪ್ಪೆಯ ಬಗ್ಗೆ ಬರೆಯುವವರು 1937ರ ಹೆಸರನ್ನು ಮಾತ್ರ ಹಿಡಿದು ಹುಡುಕಿದರೆ 2011ರ ಕೆಲಸ ಸಿಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಜಾತಿಯ ಹೆಸರೇ ಬದಲಾಗಿದೆ. ಹಳೆಯ ಹೆಸರು ಯಾವ ಹೊಸ ಹೆಸರಾಯಿತು, ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ, ಯಾವುದು ಇನ್ನೂ ತೀರ್ಮಾನವಾಗಿಲ್ಲ ಎಂದು ತಿಳಿಸುವುದೇ ನಿಜವಾದ ಪರಾಮರ್ಶೆ. ತೀರ್ಮಾನವಾಗದೆ ಉಳಿದ ಜಾಗದಲ್ಲೇ ನಿಮ್ಮ ಪ್ರಶ್ನೆ ಹುಟ್ಟಬೇಕು.

ಮೂರನೆಯದು ಸ್ಥಳ. ಊರಿನ ಹೆಸರಿನೊಂದಿಗೆ ಜಿಪಿಎಸ್ ಅಂಕಿಗಳು, ಎತ್ತರ, ಹಳ್ಳದ ಸ್ಥಳೀಯ ಹೆಸರು, ಸುತ್ತಲ ಸಸ್ಯಗಳು, ದಿನಾಂಕ, ಗಂಟೆ ಇವನ್ನು ಬರೆಯುವ ನಮೂನೆಯನ್ನು ಪ್ರಸ್ತಾವದಲ್ಲೇ ಕೊಡಿ. ಮೂಲಮಾದರಿ ಕಳೆದುಹೋದಾಗ ಬದಲಿಗೆ ‘ನವಮಾದರಿ’ಯನ್ನು ಆರಿಸಲು ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. ಆದರೆ ಅದು ಮೂಲಸ್ಥಳಕ್ಕೆ ಸಾಧ್ಯವಾದಷ್ಟು ಹತ್ತಿರದಿಂದ ಬಂದಿರಬೇಕು. ಸ್ಥಳ ಅಸ್ಪಷ್ಟವಾಗಿದ್ದರೆ ಈ ದಾರಿಯೂ ಕಷ್ಟವಾಗುತ್ತದೆ.

ನಾಲ್ಕನೆಯದು ಮಾದರಿಗಳ ಭವಿಷ್ಯ. 2002ರ ಜೀವವೈವಿಧ್ಯ ಕಾಯಿದೆಯ 39ನೆಯ ವಿಧಿಯ ಪ್ರಕಾರ ಹೊಸ ಪ್ರಭೇದವನ್ನು ಕಂಡುಹಿಡಿದವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಸಾಕ್ಷಿ ಮಾದರಿಯನ್ನು ಅಲ್ಲಿ ಇಡಬೇಕು. ನಿಮ್ಮದು ಹೊಸ ಪ್ರಭೇದದ ಅಧ್ಯಯನ ಅಲ್ಲದಿರಬಹುದು. ಆದರೂ ಮಾದರಿ, ಛಾಯಾಚಿತ್ರ, ಧ್ವನಿಮುದ್ರಣ, ಎಣಿಕೆಯ ಪಟ್ಟಿ ಇವೆಲ್ಲ ಕೊನೆಗೆ ಎಲ್ಲಿರುತ್ತವೆ ಎಂದು ಎರಡು ಸಾಲು ಬರೆಯಿರಿ. “ವಿಭಾಗದ ಕಪಾಟಿನಲ್ಲಿ” ಅಥವಾ “ನನ್ನ ಕಂಪ್ಯೂಟರಿನಲ್ಲಿ” ಎಂಬ ಉತ್ತರ ಸಾಲದೆಂಬುದಕ್ಕೆ ಕೆಂಪುಹೊಳೆಯೇ ಸಾಕ್ಷಿ.

ಐದನೆಯದು ಅನುಮತಿ ಮತ್ತು ಕಾಲ. ಮೀಸಲು ಅರಣ್ಯದಲ್ಲಿ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಪ್ಪೆಗಳು ಕೂಗುವುದು ಮಳೆಗಾಲದಲ್ಲಿ. ಅನುಮತಿ ಪತ್ರ ಅಕ್ಟೋಬರಿನಲ್ಲಿ ಕೈಸೇರಿದರೆ ಒಂದು ವರ್ಷವೇ ಹೋದಂತೆ! ಎರಡು ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಕಾಡಿನ ಬದಲು ಕಾಫಿ ತೋಟದ, ಗದ್ದೆಬಯಲಿನ ಪ್ರಶ್ನೆ ಹೆಚ್ಚು ಸೂಕ್ತವಾಗಬಹುದು. ತೋಟದ ಮಾಲೀಕರ ಒಪ್ಪಿಗೆ ಅಲ್ಲಿಯೂ ಬೇಕು. ಕಾಲಪಟ್ಟಿಯನ್ನು ವಿಶ್ವವಿದ್ಯಾನಿಲಯದ ಪಂಚಾಂಗಕ್ಕಷ್ಟೇ ಹೊಂದಿಸಿದರೆ ಸಾಲದು, ಮುಂಗಾರಿಗೂ ಹೊಂದಿಸಬೇಕು.

ಆಲೂರಿನ ಆನೆ: ಪ್ರಶ್ನೆ ಬದಲಾದರೆ ಕೆಲಸವೂ ಬದಲು

ಕಪ್ಪೆಯ ಕಥೆ ದಾಖಲೆಯ ಮಹತ್ವವನ್ನು ಹೇಳಿತು. ಪ್ರಶ್ನೆಯ ಮಹತ್ವವನ್ನು ತಿಳಿಯಲು ಘಟ್ಟದಿಂದ ಮೇಲೆ ಬಂದು, ಸಕಲೇಶಪುರಕ್ಕೂ ಹಾಸನಕ್ಕೂ ನಡುವಿನ ಆಲೂರಿನ ಗುಡ್ಡಗಳತ್ತ ನೋಡಬೇಕು. ಇಲ್ಲಿ ಕಾಫಿ ತೋಟ, ಗದ್ದೆ, ಕಿರುಕಾಡುಗಳ ನಡುವೆ ಆನೆಗಳು ಓಡಾಡುತ್ತವೆ. ಬೆಳೆ ಹಾನಿಯೂ ಸಾವುನೋವೂ ಇಲ್ಲಿನವರಿಗೆ ಹೊಸತಲ್ಲ.

ಆನೆ ಮತ್ತು ಬೆಳೆಯ ಬಗ್ಗೆ ನಮ್ಮ ರಾಜ್ಯದಲ್ಲಿ ನಡೆದ ಮಾದರಿ ಪಿಎಚ್.ಡಿ. ಅಧ್ಯಯನವೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರದು. 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಅವರು ಆನೆಗಳ ಹಿಂದೆ ಅಲೆದರು. “ಆನೆಗಳು ಬೆಳೆ ತಿನ್ನುತ್ತವೆ” ಎಂಬುದು ರೈತರಿಗೆಲ್ಲ ಗೊತ್ತಿದ್ದ ಸಂಗತಿ. ಯಾವ ಆನೆ, ಎಷ್ಟು ಸಲ ಎಂದು ಅವರು ಕೇಳಿದರು. ಹೆಣ್ಣಾನೆಗಳ ಗುಂಪುಗಳಿಗಿಂತ ಪ್ರಾಯದ ಗಂಡಾನೆಗಳು ಹೆಚ್ಚು ಸಲ ಹೊಲಕ್ಕೆ ನುಗ್ಗುತ್ತವೆ ಎಂಬುದು ಹೊರಬಂತು. ಪ್ರಶ್ನೆ ಕಿರಿದಾಗಿತ್ತು, ಅದಕ್ಕೇ ಉತ್ತರ ಉಪಯುಕ್ತವಾಯಿತು.

ಮುಂದೆ ಅವರ ಅಧ್ಯಕ್ಷತೆಯಲ್ಲೇ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿತು. ಆಲೂರು-ಸಕಲೇಶಪುರ ಭಾಗದಲ್ಲಿ ಆನೆಗಳಿಗೆ ಸಾಕಷ್ಟು ಕಾಡು ಉಳಿದಿಲ್ಲವಾದ್ದರಿಂದ ಅವನ್ನು ಹಿಡಿದು ಸಾಗಿಸಬೇಕೆಂಬ ಸಲಹೆ ಅದರಲ್ಲಿತ್ತು. 2014ರ ಕಾರ್ಯಾಚರಣೆಯಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಆದರೂ ಸಂಘರ್ಷ ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ನಡೆದ ಕಾರ್ಯಾಚರಣೆಯಲ್ಲಿ, ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದಿಗಿನ ಕಾದಾಟದಲ್ಲಿ ಪ್ರಾಣ ಬಿಟ್ಟ.

ಇಂಥ ಕಡೆ ವಿದ್ಯಾರ್ಥಿ ಏನು ಕೇಳಬೇಕು? “ಆನೆಗಳನ್ನು ತೊಲಗಿಸುವುದು ಹೇಗೆ?” ಎಂಬುದು ಆಡಳಿತದ ಪ್ರಶ್ನೆ. “ಆನೆ ಮತ್ತು ತೋಟದ ಕಾರ್ಮಿಕರು ಆಕಸ್ಮಿಕವಾಗಿ ಎದುರಾಗುವುದು ಯಾವ ಹೊತ್ತಿನಲ್ಲಿ, ಎಂಥ ದಾರಿಯಲ್ಲಿ?” ಎಂಬುದು ಅಳೆಯಬಹುದಾದ ಪ್ರಶ್ನೆ. ಆನೆಗಳ ಇರುವಿಕೆಯನ್ನು ಮೊಬೈಲ್ ಸಂದೇಶದಿಂದಲೂ ಫಲಕಗಳಿಂದಲೂ ಜನರಿಗೆ ಮೊದಲೇ ತಿಳಿಸುವ ವ್ಯವಸ್ಥೆ ಈ ತಾಲ್ಲೂಕುಗಳಲ್ಲಿ ಬಂದುದು ಇಂಥ ಪ್ರಶ್ನೆಗಳ ಫಲ. ಚಾಮರಾಜನಗರದ ಪ್ರಶ್ನೆಯನ್ನು ಹಾಗೆಯೇ ತಂದು ಆಲೂರಿಗೆ ಅಂಟಿಸಿದ್ದರೆ ಇದು ಹೊಳೆಯುತ್ತಿರಲಿಲ್ಲ. ಅಲ್ಲಿ ದೊಡ್ಡ ಕಾಡಿದೆ, ಅಂಚಿನಲ್ಲಿ ಹೊಲವಿದೆ. ಇಲ್ಲಿ ತೋಟವೇ ಆನೆಯ ತಾಣ. ಸ್ಥಳ ಬದಲಾದಾಗ ಪ್ರಶ್ನೆಯನ್ನೂ ಹೊಸದಾಗಿ ಕಟ್ಟಬೇಕು.

ಅಧ್ಯಾಪಕರಿಗೆ ಒಂದು ಮಾತು

ವಿದ್ಯಾರ್ಥಿ ತಂದ ಪ್ರಸ್ತಾವವನ್ನು ಓದುವಾಗ ಮೂರು ಪ್ರಶ್ನೆ ಕೇಳಿ ನೋಡಿ. ಉತ್ತರ ‘ಇಲ್ಲ’ ಎಂದು ಬಂದರೂ ಈ ಕೆಲಸಕ್ಕೆ ಬೆಲೆ ಇದೆಯೆ? ಹತ್ತು ವರ್ಷದ ಅನಂತರ ಅಪರಿಚಿತರೊಬ್ಬರು ಇದೇ ಜಾಗಕ್ಕೆ ಬಂದು ಇದೇ ರೀತಿ ಎಣಿಸಬಲ್ಲರೆ? ಸಂಗ್ರಹಿಸಿದ್ದೆಲ್ಲ ಆಗ ಎಲ್ಲಿರುತ್ತದೆ? ಪಿಎಚ್.ಡಿ.ಗೆ ಸಂಬಂಧಿಸಿದ ಯುಜಿಸಿಯ 2022ರ ನಿಯಮಾವಳಿಯಂತೆ ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವುದು ಸಂಶೋಧನಾ ಸಲಹಾ ಸಮಿತಿಯ ಕೆಲಸ. ಆ ಸಮಿತಿಯ ಮುಂದೆ ಹೋಗುವ ಮೊದಲೇ ಈ ಮೂರಕ್ಕೆ ಉತ್ತರ ಸಿದ್ಧವಿದ್ದರೆ ಉಳಿದ ಪುಟಗಳು ಸುಲಭ.

ಇದರ ಅವಸರ ಈ ಗುಡ್ಡಗಳಲ್ಲಿ ಹೆಚ್ಚು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಗೊಂಡಿದೆ. ಪಶ್ಚಿಮಕ್ಕೆ ಹರಿಯುತ್ತಿದ್ದ ಮಳೆಗಾಲದ ನೀರಿನಲ್ಲಿ ಒಂದು ಪಾಲನ್ನು ಪೂರ್ವದ ಬಯಲುಸೀಮೆಗೆ ತಿರುಗಿಸುವ ಯೋಜನೆ ಇದು. ಅದು ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಹಳ್ಳದ ನೀರು ಕಡಿಮೆಯಾದರೆ ಹಳ್ಳದ ಕಪ್ಪೆಗಳಿಗೆ ಏನಾಗುತ್ತದೆ ಎಂದು ಹೇಳಬೇಕಾದರೆ ಮೊದಲು ಎಷ್ಟಿದ್ದವು ಎಂಬುದು ಬರೆದಿಟ್ಟಿರಬೇಕು. ಬದಲಾವಣೆಯಾದ ಮೇಲೆ ಹಿಂದಿನ ಸ್ಥಿತಿಯನ್ನು ಎಣಿಸಲು ಯಾವ ಉಪಕರಣವೂ ಇಲ್ಲ.

ಹಾಸನ, ಸಕಲೇಶಪುರ, ಆಲೂರು, ಬೇಲೂರುಗಳ ಕಾಲೇಜುಗಳಿಂದ ಬರುವ ವಿದ್ಯಾರ್ಥಿಗಳಿಗೆ ಈ ಹಳ್ಳಗಳ ಸ್ಥಳೀಯ ಹೆಸರುಗಳು ಗೊತ್ತು. ಮಳೆ ಯಾವಾಗ ಹಿಡಿಯುತ್ತದೆ, ಯಾವ ತೋಟದ ಯಾವ ತಿರುವಿನಲ್ಲಿ ರಾತ್ರಿ ಕಪ್ಪೆ ಕೂಗುತ್ತದೆ ಎಂಬುದೂ ಗೊತ್ತು. ದೂರದಿಂದ ಬರುವ ಸಂಶೋಧಕನಿಗೆ ಇದನ್ನು ಕಲಿಯಲು ಎರಡು ಮಳೆಗಾಲ ಬೇಕು. ಆ ತಿಳಿವಳಿಕೆಯನ್ನು ಒಂದು ಸರಿಯಾದ ಪ್ರಶ್ನೆಯಾಗಿ, ಪರೀಕ್ಷಿಸಬಹುದಾದ ದಾಖಲೆಯಾಗಿ ಮಾಡುವ ಕ್ರಮವನ್ನಷ್ಟೆ ಅವರು ಕಲಿಯಬೇಕಾಗಿದೆ. ನಿಮ್ಮ ಮುಂದಿನ ಪ್ರಸ್ತಾವದಲ್ಲಿ ‘ಅಧ್ಯಯನದ ಸ್ಥಳ’ ಎಂಬ ಶೀರ್ಷಿಕೆ ಬಂದಾಗ ಕೆಂಪುಹೊಳೆಯ ಕಪ್ಪೆಯನ್ನು ನೆನೆಯಿರಿ, ಜಿಪಿಎಸ್ ಅಂಕಿಗಳನ್ನು ಮರೆಯದೆ ಬರೆಯಿರಿ.